ಕಚೇರಿಯ ಮಾತನ್ನು ತಿದ್ದಬೇಡ

ಪ್ರಿಯ ತಂಗಿ,

ಪೋಲೆಂಡಿನ ವೂಚ್ ನಗರದ (ನಮ್ಮ ಪುಸ್ತಕಗಳಲ್ಲಿ ಲೊಡ್ಜ್) ಯಹೂದಿ ಘೆಟ್ಟೊ, ಅಂದರೆ ಜರ್ಮನ್ನರು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ, ಕುರಿತ ನಿನ್ನ ಕಥೆಯನ್ನು ಎರಡು ಸಲ ಓದಿದೆ. ಹಸಿವನ್ನು ಚೆನ್ನಾಗಿ ಬರೆದಿದ್ದೀಯ. ಆದರೆ ಯಹೂದಿ ಆಡಳಿತದ ಮುಖ್ಯಸ್ಥ ಹಯಿಮ್ ರುಮ್‌ಕೋವ್‌ಸ್ಕಿ ಮೊದಲ ಪುಟದಲ್ಲೇ ಖಳನಾಗಿ ಬಂದು ಕಡೆಯವರೆಗೂ ಹಾಗೆಯೇ ಉಳಿದುಬಿಡುತ್ತಾನೆ. ಅವನ ಕಚೇರಿಯ ಕಡತಗಳಿಂದ ನೀನು ಮಾಹಿತಿಯನ್ನು ಹೆಕ್ಕಿಕೊಂಡಿದ್ದೀಯೇ ಹೊರತು ಅವುಗಳ ಭಾಷೆಗೆ ಕಿವಿಗೊಟ್ಟಿಲ್ಲವೆಂದು ನನ್ನ ಅನುಮಾನ.

1939ರ ಅಕ್ಟೋಬರಿನಲ್ಲಿ ಜರ್ಮನ್ನರು ಅವನನ್ನು 'ಯಹೂದಿಗಳ ಹಿರಿಯ'ನೆಂದು ನೇಮಿಸಿದರು; 1940ರ ಏಪ್ರಿಲ್ 30ರಂದು ಸುಮಾರು 1,60,000 ಜನರನ್ನು ಒಳಗಿಟ್ಟು ಘೆಟ್ಟೊವನ್ನು ಮುಚ್ಚಿದರು. ಅದೇ ವರ್ಷದ ನವೆಂಬರಿನಲ್ಲಿ ಆಡಳಿತವು ತನ್ನದೇ ದಫ್ತರಖಾನೆಯನ್ನು ತೆರೆಯಿತು. ಅಲ್ಲಿನ ನೌಕರರು 1941ರ ಜನವರಿ 12ರಿಂದ 1944ರ ಜುಲೈ 30ರವರೆಗೆ ಹವಾಮಾನ, ಜನನ, ಮರಣ, ಪಡಿತರ, ವದಂತಿಗಳನ್ನೆಲ್ಲ ಒಂದು ಅಧಿಕೃತ ವೃತ್ತಾಂತದಲ್ಲಿ ದಾಖಲಿಸುತ್ತಾ ಹೋದರು, ಮೊದಲು ಪೋಲಿಷ್‌ನಲ್ಲಿ, ಆಮೇಲೆ ಜರ್ಮನ್‌ನಲ್ಲಿ. ಬರೆದದ್ದು ಯಾವ ಗಳಿಗೆಯಲ್ಲಾದರೂ ಜರ್ಮನ್ನರ ಕಣ್ಣಿಗೆ ಬೀಳಬಹುದಾಗಿತ್ತು. ಪ್ರತಿ ವಾಕ್ಯವೂ ಆ ಎಚ್ಚರದಲ್ಲಿ ತೂಗಿ ಇಟ್ಟದ್ದು.

1942ರ ಜನವರಿಯಿಂದ ಜನರನ್ನು ಹೆಲ್ಮ್ನೊ ಎಂಬ ಕೊಲೆ ಶಿಬಿರಕ್ಕೆ ಒಯ್ದು ಅನಿಲದ ವಾಹನಗಳಲ್ಲಿ ಕೊಲ್ಲತೊಡಗಿದಾಗ ಕಚೇರಿಯ ಕಾಗದದಲ್ಲಿ ಇದ್ದ ಜರ್ಮನ್ ಪದ 'ಔಸ್‌ಜೀಡ್ಲುಂಗ್'. ನೀನು ಅದನ್ನು ಒಂದು ಕಡೆ 'ಹತ್ಯೆ' ಎಂದೂ ಇನ್ನೊಂದು ಕಡೆ 'ಒಕ್ಕಲೆಬ್ಬಿಸುವಿಕೆ' ಎಂದೂ ಬರೆದಿದ್ದೀಯ. ಮೊದಲನೆಯದು ಗುಮಾಸ್ತನಿಗೆ ಇನ್ನೂ ಗೊತ್ತಿರದ, ಗೊತ್ತಿದ್ದರೂ ಬರೆಯಲಾಗದ ಸಂಗತಿಯನ್ನು ಅವನ ಬಾಯಲ್ಲಿ ಇಡುತ್ತದೆ. ಎರಡನೆಯದರಲ್ಲಿ ನಮ್ಮ ಗೇಣಿದಾರರ ಅಳು ಕೇಳುತ್ತದೆ, ಆ ಪದಕ್ಕೆ ಇಲ್ಲಿ ಅದರದೇ ಆದ ನೆನಪುಗಳಿವೆ. 'ಸ್ಥಳಾಂತರ' ಎಂದಷ್ಟೇ ಬರೆ. ಸರ್ಕಾರಿ ಸುತ್ತೋಲೆಯ ಆ ನಿರ್ಜೀವ ಪದವನ್ನು ಓದುಗ ತಾನೇ ಎದುರಿಸಲಿ. ಸ್ಥಳಾಂತರದ ಪಟ್ಟಿಯಲ್ಲಿ ಹೆಸರು ಬಂದವರು ಸಲ್ಲಿಸಿದ ಮನವಿಗಳನ್ನೂ ಹೀಗೆಯೇ ಓದು: ಎಲ್ಲಿಗೆ ಕಳಿಸುತ್ತಾರೆಂದು ತಿಳಿಯದೆ, ಮನೆಯವರಿಗೆ ಕೆಲಸವಿದೆ ಎಂಬುದನ್ನೇ ಆಧಾರವಾಗಿಟ್ಟು ಬೇಡಿಕೊಂಡವರ ಕಾಗದಗಳವು.

1942ರ ಸೆಪ್ಟೆಂಬರ್ 4ರ ಭಾಷಣದಲ್ಲಿ ರುಮ್‌ಕೋವ್‌ಸ್ಕಿ ತಂದೆತಾಯಿಯರಿಂದ ಮಕ್ಕಳನ್ನೇ ಒಪ್ಪಿಸುವಂತೆ ಕೇಳಿದ. ಆ ವಾರದಲ್ಲಿ 15,000ಕ್ಕೂ ಹೆಚ್ಚು ಮಕ್ಕಳು, ಮುದುಕರು, ರೋಗಿಗಳು ಹೋದರು. ಅಧಿಕೃತ ವೃತ್ತಾಂತ ಅದನ್ನು ಹೇಳಿದ್ದು ವಾರ ಕಳೆದ ಮೇಲೆ. ಆದರೆ ಅದೇ ದಫ್ತರಖಾನೆಯ ಯೋಸೆಫ್ ಝೆಲ್ಕೊವಿಚ್ ಆ ದಿನಗಳನ್ನು ಅಲ್ಲಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್‌ನಲ್ಲಿ, ತನ್ನ ಸ್ವಂತದ ದನಿಯಲ್ಲಿ, ಪ್ರತ್ಯೇಕವಾಗಿ ಬರೆದಿಟ್ಟ. ಒಂದೇ ದಫ್ತರಖಾನೆಯ ಈ ಎರಡು ಬರಹಗಳ ನಡುವಿನ ಜಾಗದಲ್ಲಿ ನಿನ್ನ ಕಥೆ ಇದೆ ಎಂದು ನನಗೆ ತೋರುತ್ತದೆ. ರುಮ್‌ಕೋವ್‌ಸ್ಕಿಯ ಬಗ್ಗೆ ತೀರ್ಪು ಕೊಡುವುದು ನಿನ್ನ ಕೆಲಸವಲ್ಲ. ಅವನೂ 1944ರ ಆಗಸ್ಟಿನಲ್ಲಿ ಆಶ್ವಿಟ್ಜ್ ಕೊಲೆ ಶಿಬಿರಕ್ಕೆ ಹೋದವನೇ.

ಘೆಟ್ಟೊವನ್ನು ಖಾಲಿ ಮಾಡಿಸಿದಾಗ ನಹ್ಮಾನ್ ಜೋನಾಬೆಂಡ್ ಎಂಬ ಅಂಚೆಯವನು ಈ ಕಾಗದಗಳಲ್ಲಿ ಬಹಳಷ್ಟನ್ನು ಬಚ್ಚಿಟ್ಟು ಉಳಿಸಿದ. ನಿನ್ನ ಕರಡಿನಲ್ಲಿ ಅವನಿಗೆ ಸಿಕ್ಕಿರುವುದು ಒಂದೇ ಸಾಲು. ಖಳನ ಭಾಗವನ್ನು ಕಡಿಮೆ ಮಾಡಿ ಟೈಪು ಮಾಡುವವನ ಮೇಜಿನಿಂದ ಮತ್ತೆ ಶುರುಮಾಡು, ಆದಷ್ಟನ್ನು ಕಳಿಸು.

ನಿನ್ನ ಅಣ್ಣ