ಪುಟ್ಟಿಗೆ: ಮಾತ್ರೆ ಇಬ್ಬರೂ ತಗೋಬೇಕು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅಳುವಾಗ ನನ್ನ ಪಕ್ಕದಲ್ಲಿ ಜನ ಇದ್ದರು, ಬಿಡಿಸಿ ಮಾತಾಡಲು ಆಗಲಿಲ್ಲ. ಅದಕ್ಕೇ ರಾತ್ರಿ ಕೂತು ಬರೆಯುತ್ತಿದ್ದೇನೆ.

ನಿನಗೆ ಬಂದಿರುವುದು ಕ್ಲಮಿಡಿಯಾ. ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾದ ಸೋಂಕು, ಮಾತ್ರೆಗೆ ವಾಸಿಯಾಗುತ್ತದೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 12.9 ಕೋಟಿ ಹೊಸ ಕ್ಲಮಿಡಿಯಾ ಸೋಂಕುಗಳಾಗಿವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಅಂದಾಜು ಮಾಡಿದೆ. ಅಷ್ಟು ಜನರೂ ಕೆಟ್ಟವರಾ? ನೀನು ಕೆಟ್ಟವಳಲ್ಲ ಕಂದ.

"ನನಗೆ ಏನೂ ತೊಂದರೆನೇ ಇಲ್ಲ, ರಿಪೋರ್ಟ್ ತಪ್ಪಿರಬಹುದು" ಅಂದೆಯಲ್ಲ, ಈ ಕಾಯಿಲೆಯ ಗುಣವೇ ಅದು. ಜಾಸ್ತಿ ಜನರಿಗೆ ಏನೂ ಗೊತ್ತಾಗುವುದಿಲ್ಲ. ಕೆಲವರಿಗೆ ಉರಿಮೂತ್ರ, ಸ್ರಾವ, ಮುಟ್ಟಲ್ಲದ ದಿನ ರಕ್ತ ಕಾಣುವುದು, ಗಂಡಸರಿಗೆ ವೃಷಣದಲ್ಲಿ ನೋವು. ನೋವಿಲ್ಲ ಅಂತ ಬಿಟ್ಟರೆ ಅದು ಮೇಲೆ ಹತ್ತಿ ಗರ್ಭಕೋಶಕ್ಕೆ, ಗರ್ಭನಾಳಕ್ಕೆ ಹೋಗಬಹುದು. ನಾಳದೊಳಗೆ ಕಲೆ ಕಟ್ಟಿದರೆ ಮುಂದೆ ಗರ್ಭ ನಿಲ್ಲುವುದು ಕಷ್ಟವಾಗಬಹುದು, ಇಲ್ಲವೇ ನಾಳದಲ್ಲೇ ನಿಂತು ಪ್ರಾಣಕ್ಕೆ ಬರಬಹುದು.

ನಿಮ್ಮಮ್ಮನಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. ನಿನ್ನ ವಯಸ್ಸಿನಲ್ಲಿ ನನಗೆ ತಿಂಗಳುಗಟ್ಟಲೆ ಕಿಬ್ಬೊಟ್ಟೆ ನೋವಿತ್ತು. ನಾಚಿಕೆಗೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಒಂದು ಕಡೆಯ ನಾಳ ಮುಚ್ಚಿಹೋಗಿತ್ತು. ನಿನ್ನದು ಬೇಗ ಗೊತ್ತಾಯಿತಲ್ಲ, ನನಗೆ ಅಷ್ಟೇ ಸಮಾಧಾನ.

ಡಾಕ್ಟರು ಕೊಟ್ಟಿರುವ ಮಾತ್ರೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ 2 ಸಲ, 7 ದಿನ. ಒಂದೂ ಬಿಡಬೇಡ. ತುಂಬಿದ ಲೋಟ ನೀರಿನ ಜೊತೆ ನುಂಗು, ನುಂಗಿದ ಕೂಡಲೇ ಮಲಗಬೇಡ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎದೆ ಉರಿದುಹೋಗುತ್ತದೆ. ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದರೆ ಎಷ್ಟು ಹೊತ್ತು ಬಿಟ್ಟು ಇದನ್ನು ತಗೋಬೇಕು ಅಂತ ಡಾಕ್ಟರ ಹತ್ತಿರ ಕೇಳಿಕೋ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಹುಷಾರು. ಗರ್ಭಿಣಿ ಇರಬಹುದು ಅನ್ನುವ ಸಣ್ಣ ಅನುಮಾನ ಇದ್ದರೂ ಮೊದಲೇ ಹೇಳು, ಆಗ ಸಾಮಾನ್ಯವಾಗಿ ಇದರ ಬದಲು ಅಜಿತ್ರೊಮೈಸಿನ್ ಅನ್ನುವ ಮಾತ್ರೆ ಕೊಡುತ್ತಾರೆ.

ಈಗ ನೀನು ತಪ್ಪಿಸಿಕೊಳ್ಳಲು ನೋಡಿದ ಮಾತು. ನಿನ್ನ ಹುಡುಗನಿಗೆ ಹೇಳಲೇಬೇಕು. ನೀನೊಬ್ಬಳೇ ಮಾತ್ರೆ ತಿಂದು ಅವನಿಗೆ ಗೊತ್ತೇ ಇಲ್ಲ ಅಂದರೆ ಅವನಿಂದ ಮತ್ತೆ ನಿನಗೆ ಬರಬಹುದು, ಒಂದು ಸಲ ಬಂದು ಹೋಯಿತು ಅಂತ ಮೈ ಅದನ್ನು ತಡೆಯುವುದಿಲ್ಲ. "ಯಾರು ಕೊಟ್ಟಿದ್ದು?" ಅಂತ ಅವನು ಕೇಳಬಹುದು, ನಿನ್ನ ಮನಸ್ಸಿನಲ್ಲೂ ಅದೇ ಕೊರೆಯುತ್ತಿರಬಹುದು. ಆ ಪ್ರಶ್ನೆಗೆ ರಿಪೋರ್ಟಿನಲ್ಲಿ ಉತ್ತರ ಇಲ್ಲ ಪುಟ್ಟಿ. ಸೋಂಕು ತಿಂಗಳುಗಟ್ಟಲೆ ಸುಮ್ನೆ ಕೂತಿರಬಹುದು, ನಿಮ್ಮಿಬ್ಬರ ಪರಿಚಯಕ್ಕಿಂತ ಮುಂಚಿನದೂ ಆಗಿರಬಹುದು. ಜಗಳಕ್ಕೆ ಕೂರಬೇಡ. "ನನಗೆ ಕ್ಲಮಿಡಿಯಾ ಬಂದಿದೆ, ನೀನೂ ತೋರಿಸಿಕೋ, ನಿನಗೂ ಮಾತ್ರೆ ಬೇಕು" ಅಂತ ನೇರವಾಗಿ ಹೇಳು, ಸಾಕು. ಇಬ್ಬರ 7 ದಿನವೂ ಮುಗಿಯುವ ತನಕ ಸೇರಬೇಡಿ, ಕಾಂಡೋಮ್ ಇದ್ದರೂ ಬೇಡ. ಕಳೆದ 60 ದಿನಗಳಲ್ಲಿ ಬೇರೆ ಯಾರಾದರೂ ಇದ್ದರೆ ಅವರಿಗೂ ತಿಳಿಸಬೇಕು, ನಾನು ವಿವರ ಕೇಳುವುದಿಲ್ಲ. ಅವನು ಕೈ ಮಾಡುತ್ತಾನೆ ಅನ್ನುವ ಭಯ ಏನಾದರೂ ಇದ್ದರೆ ಮಾತ್ರ ಒಬ್ಬಳೇ ಹೇಳಲು ಹೋಗಬೇಡ. ಮೊದಲು ಡಾಕ್ಟರಿಗೆ ಹೇಳು, ನನಗೂ ಹೇಳು.

ಟವೆಲ್ಲು, ಟಾಯ್ಲೆಟ್ಟು, ಊಟದ ತಟ್ಟೆಯಿಂದ ಇದು ಹರಡುವುದಿಲ್ಲ, ಮನೆಯಲ್ಲಿ ಬೇರೆ ಇಟ್ಟುಕೊಂಡು ಕೊರಗಬೇಡ. ಇನ್ನು ಮೇಲೆ ಕಾಂಡೋಮ್ ಪ್ರತಿ ಸಲವೂ ಇರಲಿ, ಬಾಯಿ, ಗುದದ ಮೂಲಕ ಸೇರಿದರೂ ಹರಡುತ್ತದೆ. ಗರ್ಭನಿರೋಧಕ ಮಾತ್ರೆ ಇದನ್ನು ತಡೆಯುವುದಿಲ್ಲ. ಗೊನೊರಿಯಾ, ಸಿಫಿಲಿಸ್, ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಬಿಡು, ಹೇಗೂ ಹೋಗಿರುತ್ತೀಯಲ್ವಾ. ಲೈಂಗಿಕ ಸಂಪರ್ಕವಿರುವ, 25 ತುಂಬದ ಹುಡುಗಿಯರು ವರ್ಷಕ್ಕೊಮ್ಮೆ ಕ್ಲಮಿಡಿಯಾ ಪರೀಕ್ಷೆ ಮಾಡಿಸಿಕೊಳ್ಳಬೇಕು ಅನ್ನುತ್ತಾರೆ, ನಿನಗೆ ಇನ್ನೂ 23.

ಮಾತ್ರೆ ಮುಗಿದ 3 ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಬೇಕು. ತಾರೀಕು ನನಗೂ ಕಳಿಸು, ಆ ದಿನ ನಿನ್ನ ಜೊತೆ ನಾನೂ ಬರುತ್ತೇನೆ.

ನಿನ್ನ ಚಿಕ್ಕಮ್ಮ