ಶಾಲು, ಹಾರಕ್ಕೆ ಒಂದು ಗಂಟೆ. ಮಕ್ಕಳಿಗೆ 12 ನಿಮಿಷ

ಮಾನ್ಯ ಸಂಪಾದಕರೇ,

ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ‘ಪ್ರೋಟೀನ್ ಜಾಸ್ತಿ ತಿನ್ನಿ, ಚುರುಕಾಗಿರಿ’ ಎಂಬ ವರದಿ ನೋಡಿದೆ. ಬಸ್ ಸ್ಟ್ಯಾಂಡ್ ಹಿಂದಿನ ಸಭಾಭವನದಲ್ಲಿ ಶನಿವಾರ ನಡೆದ ವಿಜ್ಞಾನ ಉಪನ್ಯಾಸದ ವರದಿಯಂತೆ ಅದು. ಫೋಟೊದಲ್ಲಿ ದೀಪ ಹಚ್ಚುವವರು ಒಂಬತ್ತು ಜನ ಇದ್ದಾರೆ, ಉಪನ್ಯಾಸ ಕೊಟ್ಟವರೇ ಇಲ್ಲ. ಅಂದಿನ ವಿಷಯ ಬೇಳೆ, ಮೊಟ್ಟೆಯ ಪ್ರೋಟೀನ್ ಅಲ್ಲವೇ ಅಲ್ಲ. ಜೀವಕೋಶದ ಒಳಗೆ ಸಾಮಾನು ಹೊತ್ತು ನಡೆಯುವ ಮೋಟಾರ್ ಪ್ರೋಟೀನ್. ಬೇಳೆ ತಿನ್ನಿ ಅಂದದ್ದು ಉದ್ಘಾಟನೆಗೆ ಬಂದ ಅಧಿಕಾರಿ. ನಿಮ್ಮ ವರದಿಗಾರರು ಅಷ್ಟು ಕೇಳಿಸಿಕೊಂಡು ಎದ್ದು ಹೋದರು. ನಾನು ಮೂರನೇ ಸಾಲಿನಲ್ಲೇ ಕೂತಿದ್ದೆ, ಕಣ್ಣಾರೆ ನೋಡಿದ್ದೇನೆ.

ನಾನು ಸರ್ಕಾರಿ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. 22 ಮಕ್ಕಳನ್ನು ಕರೆದುಕೊಂಡು ಬೆಳಿಗ್ಗೆ ಆರೂಕಾಲಿನ ಬಸ್ ಹಿಡಿದು ಬಂದಿದ್ದೆ. ಆಹ್ವಾನ ಪತ್ರಿಕೆಯಲ್ಲಿ 10 ಗಂಟೆ ಅಂತ ಇತ್ತು. ಸಾಹೇಬರು ಬಂದದ್ದು 12.20ಕ್ಕೆ. ಆಮೇಲೆ ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಅಂತ ಒಂದು ಗಂಟೆ. ಶೌಚಾಲಯಕ್ಕೆ ಬೀಗ. ಹೆಣ್ಣುಮಕ್ಕಳು ಎದುರಿನ ಹೋಟೆಲಿನವರನ್ನು ಕೇಳಿಕೊಂಡು ಹೋಗಿಬಂದರು. ಪ್ರೊಜೆಕ್ಟರ್ ಇಟ್ಟ ಬೀರುವಿನ ಕೀ ಇದ್ದವರು ರಜೆಯಂತೆ. ಊಟದ ಸರದಿ ನಮ್ಮ ತನಕ ಬರುವಷ್ಟರಲ್ಲಿ ಚಿತ್ರಾನ್ನ ಖಾಲಿ. ವಾಪಸ್ ಹೋಗುವ ಬಸ್ಸೂ ತಪ್ಪಿತು. ಎಲ್ಲರೂ ಮನೆ ಸೇರುವಾಗ ರಾತ್ರಿ ಎಂಟೂವರೆ. ದಾರಿಯುದ್ದಕ್ಕೂ ಅಪ್ಪ ಅಮ್ಮಂದಿರ ಫೋನಿಗೆ ಉತ್ತರ ಕೊಟ್ಟವಳು ನಾನು, ಸಾಹೇಬರಲ್ಲ.

ಬೆಂಗಳೂರಿನಿಂದ ಬಂದಿದ್ದ ಆ ವಿಜ್ಞಾನಿಗೆ ಕೊನೆಗೆ ಸಿಕ್ಕಿದ್ದು 12 ನಿಮಿಷ. ಅಷ್ಟರಲ್ಲೇ ಮಕ್ಕಳು ಹಸಿವು ಮರೆತರು. ಬೆನ್ನುಹುರಿಯ ಕೆಳಭಾಗದಲ್ಲಿರುವ ಒಂದು ನರಕೋಶದ ಎಳೆ ಕಾಲಿನ ಪಾದದವರೆಗೆ ಇಳಿಯುತ್ತದೆ, ಹೆಚ್ಚುಕಡಿಮೆ ಒಂದು ಮೀಟರ್. ಆ ತುದಿಗೆ ಬೇಕಾದ ಬಹುಪಾಲು ಸಾಮಾನು ತಯಾರಾಗುವುದು ಮೇಲೆ, ಕೋಶದ ಒಡಲಿನಲ್ಲಿ. ಅದನ್ನು ಹೊತ್ತು ತರುವುದು ಕೈನೆಸಿನ್ ಎಂಬ ಮೋಟಾರ್ ಪ್ರೋಟೀನ್. ಕರಾವಳಿಯವರು ಬೊಂಡಾಸ್ ಅನ್ನುತ್ತಾರಲ್ಲ, ಆ ಸ್ಕ್ವಿಡ್‌ನ ದಪ್ಪ ನರದ ಮೇಲೆ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಕೆಲಸ ಮಾಡಿ, ವೇಲ್, ರೀಸ್, ಶೀಟ್ಜ್ ಎಂಬ ಮೂವರು 1985ರಲ್ಲಿ ಇದನ್ನು ಗುರುತಿಸಿದರು. ಇದರ ಒಂದು ಹೆಜ್ಜೆ 8 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಹೆಜ್ಜೆಗೆ ಒಂದು ಎಟಿಪಿ, ಅಂದರೆ ಜೀವಕೋಶದ ಇಂಧನದ ಒಂದು ಅಣು, ಖರ್ಚು. ಸೆಕೆಂಡಿಗೆ ಸುಮಾರು 100 ಹೆಜ್ಜೆ. ಆ ವೇಗದಲ್ಲಿ ಎಲ್ಲೂ ನಿಲ್ಲದೆ ಸಾಗಿದರೂ ಒಂದು ಮೀಟರ್ ದಾಟಲು ಎರಡು ವಾರ ಬೇಕು!

‘ಹೊರೆ ಇಲ್ಲದಾಗ ಇದು ಏನು ಮಾಡುತ್ತೆ ಗೊತ್ತಾ?’ ಅಂತ ಆಕೆ ಮಕ್ಕಳನ್ನು ಕೇಳಿದರು. ಅಷ್ಟರಲ್ಲಿ ನಿರೂಪಕರ ಚೀಟಿ ಬಂತು. ಸಾಹೇಬರಿಗೆ ಬೇರೆ ಕಾರ್ಯಕ್ರಮ ಇದೆ, ಮುಗಿಸಿ ಅಂತ. ಸಾಹೇಬರು ಹೊರಡುವುದಿದ್ದರೆ ಹೊರಡಲಿ. ಉಪನ್ಯಾಸ ಯಾಕೆ ನಿಲ್ಲಬೇಕಿತ್ತು?

ನನ್ನ ವಿದ್ಯಾರ್ಥಿನಿಯೊಬ್ಬಳು ಅದೇ ಪ್ರಶ್ನೆಗೆ ಉತ್ತರವಾಗಿ ಒಂದು ಮಾದರಿ ಮಾಡಿ, ಡಬ್ಬಿಯಲ್ಲಿಟ್ಟು ತಂದಿದ್ದಳು. ಎರಡು ಸ್ಟೀಲ್ ಚಮಚ ಎರಡು ಪಾದ. ಎರಡು ಸೆಣಬಿನ ದಾರ ಹೊಸೆದು ಮೈ ಮಾಡಿದ್ದಳು. ನಡುವೆ ಒಂದು ಬೆರಳಿನಷ್ಟು ಜಾಗ ಹೊಸೆಯದೆ ಬಿಟ್ಟಿದ್ದಳು, ಅದೇ ಕೀಲು. ಹೊರೆ ಇಲ್ಲದಾಗ ಕೈನೆಸಿನ್ ಆ ಕೀಲಿನಲ್ಲಿ ಮಡಚಿಕೊಳ್ಳುತ್ತದೆ. ಮೈಯ ಇನ್ನೊಂದು ತುದಿ, ಅಂದರೆ ಬಾಲ, ಬಂದು ಎರಡು ಪಾದಗಳನ್ನೂ ಹಿಡಿದುಕೊಳ್ಳುತ್ತದೆ. ಪಾದ ಆಡುವುದಿಲ್ಲ, ಎಟಿಪಿ ಸುಡುವುದೂ ಬಹುತೇಕ ನಿಲ್ಲುತ್ತದೆ. ಹೊರೆ, ಅದನ್ನು ಹಿಡಿಸುವ ಜೊತೆಗಾರ ಪ್ರೋಟೀನುಗಳು ಬಂದು ಅಂಟಿದಾಗ ಮತ್ತೆ ಬಿಚ್ಚಿಕೊಂಡು ನಡೆಯುತ್ತದೆ. ಅದರ ಆಕಾರವೇ ಅದಕ್ಕೆ ಬ್ರೇಕು. ಇಷ್ಟನ್ನು ಚಮಚ, ದಾರದಲ್ಲಿ ತೋರಿಸಿದ ಹುಡುಗಿ ಮೂರು ಗಂಟೆ ಆ ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳು. ಪ್ರದರ್ಶನದ ಮೇಜಿಗೆ ಇಟ್ಟ ಹತ್ತೇ ನಿಮಿಷಕ್ಕೆ ಹಾರದ ಬುಟ್ಟಿಗೆ ಜಾಗ ಬೇಕು ಅಂತ ಯಾರೋ ಅದನ್ನು ಮೇಜಿನ ಕೆಳಗೆ ತಳ್ಳಿದರು. ಬಾಲ ಕಿತ್ತುಹೋಯಿತು.

ಬಸ್ಸಿನಲ್ಲಿ ಅವಳು ಕೇಳಿದಳು: ‘ಮೇಡಂ, ಬಾಲ ಹೋದ್ರೆ ಇದು ನಿಲ್ಲೋದೇ ಇಲ್ಲ ಅಲ್ವಾ?’ ಎಂಥ ಪ್ರಶ್ನೆ ನೋಡಿ. ಕೈನೆಸಿನ್ ಬಗೆಗಳಲ್ಲಿ ಒಂದಾದ ಕೆಐಎಫ್5ಎಯ ಬಾಲದ ತುದಿ ಕೆಟ್ಟರೆ ಎಎಲ್‌ಎಸ್ ಎಂಬ ನರರೋಗ ಬರಬಹುದು ಅಂತ 2018ರಲ್ಲಿ ತಿಳಿಯಿತು. ಹಾಗೆ ಕೆಟ್ಟ ಮೋಟಾರಿಗೆ ಬ್ರೇಕು ಸರಿಯಾಗಿ ಬೀಳುವುದಿಲ್ಲ ಅಂತ ಆಮೇಲಿನ ಪ್ರಯೋಗಗಳು ತೋರಿಸಿವೆ. 17 ವರ್ಷದ ಹುಡುಗಿ ಅಲ್ಲಿಗೇ ಬಂದು ಮುಟ್ಟಿದ್ದಳು. ಆ ಪ್ರಶ್ನೆ ವಿಜ್ಞಾನಿಯ ಮುಂದೆ ಬರಬೇಕಿತ್ತು, ಬಸ್ಸಿನ ಕೊನೇ ಸೀಟಿನಲ್ಲಲ್ಲ.

ಹೊರೆ ಇಲ್ಲದಾಗ ಇಂಧನ ಸುಡಬಾರದು ಅಂತ ಕಣ್ಣಿಗೆ ಕಾಣದ ಪ್ರೋಟೀನಿಗೂ ಗೊತ್ತು. ಸಾಹೇಬರ ಜೊತೆ ಬಂದ ನಾಲ್ಕು ಕಾರುಗಳು ಕಾರ್ಯಕ್ರಮ ಮುಗಿಯುವವರೆಗೂ ಎಂಜಿನ್ ಆರಿಸದೆ, ಎಸಿ ಹಾಕಿಕೊಂಡು ಖಾಲಿ ನಿಂತಿದ್ದವು. ನಮ್ಮ ಲ್ಯಾಬಿನ ಮೈಕ್ರೋಸ್ಕೋಪಿಗೆ ಮಾತ್ರ ದುಡ್ಡಿಲ್ಲ. ಲೆನ್ಸಿಗೆ ಬೂಸ್ಟು ಹಿಡಿದಿದೆ ಅಂತ ಮೂರು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ಒಮ್ಮೆ ಕಡತ ಸಿಗುತ್ತಿಲ್ಲ ಅಂದರು. ಇನ್ನೊಮ್ಮೆ ಸಿಕ್ಕಿದೆ, ಸಹಿ ಮಾಡುವವರು ಬದಲಾಗಿದ್ದಾರೆ ಅಂದರು. ಹೋದ ವರ್ಷ ಲೆನ್ಸ್ ಬದಲು ಸ್ವಚ್ಛತಾ ಪ್ರತಿಜ್ಞೆಯ ಬೋರ್ಡ್ ಕಳಿಸಿದರು. ಕೇಳಿದರೆ ಸುಮ್ನೆ ಇರಿ ಮೇಡಂ ಅನ್ನುತ್ತಾರೆ. ಎಷ್ಟು ದಿನ ಸುಮ್ಮನಿರಬೇಕು?

ಆ ವಿಜ್ಞಾನಿಯನ್ನು ಮತ್ತೆ ಕರೆಸಿ ಪೂರ್ತಿ ಒಂದು ಗಂಟೆ ಕೊಡಿ. ಅದಾಗದಿದ್ದರೆ ನಮ್ಮ ಮಕ್ಕಳನ್ನೇ ಬೆಂಗಳೂರಿಗೆ ಕಳಿಸಿ, ಅಲ್ಲಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲೇ ಇಂಥ ಮೋಟಾರ್‌ಗಳ ಮೇಲೆ ಕೆಲಸ ನಡೆದಿದೆ. ನಿಮ್ಮ ಪತ್ರಿಕೆಯೂ ವರದಿಯನ್ನು ತಿದ್ದಿ ಹಾಕಲಿ. ಅಧಿಕಾರಿಗಳು ಬರುವುದಾದರೆ ಹೇಳಿದ ಹೊತ್ತಿಗೆ ಬರಲಿ, ಇಲ್ಲದಿದ್ದರೆ ಬರುವುದೇ ಬೇಡ. ಮಕ್ಕಳಿಗೆ ಅವರ ಭಾಷಣ ಬೇಕಿರಲಿಲ್ಲ. ಶೌಚಾಲಯದ ಬೀಗ ತೆಗೆಸುವ ಯೋಗ್ಯತೆಯೂ ಇಲ್ಲದವರಿಗೆ ಪೇಟ ಯಾಕೆ ಬೇಕು?

ಇಂತಿ,
ನೊಂದ ಜೀವಶಾಸ್ತ್ರ ಉಪನ್ಯಾಸಕಿ