ಪೊರೆ ಆಪರೇಷನ್‌ಗೆ ಬರುವ ಮುನ್ನ ಇದನ್ನು ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಾಜಿ ಸೈನಿಕರ ಆಸ್ಪತ್ರೆಗೆ ಕಣ್ಣಿನ ಪೊರೆ ತೆಗೆಸಲು ಬರುವವರು ಜಾಸ್ತಿ ವಯಸ್ಸಾದ ಗಂಡಸರು. ಅವರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರಕ್ಕೆ ತೊಂದರೆ ಆಗಿದ್ದಕ್ಕೆ ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ಳುವವರೂ ಬಹಳ. ಈ ಮಾತ್ರೆಯಿಂದ ಪಾಪೆ ಸರಿಯಾಗಿ ಅಗಲವಾಗದೆ, ಆಪರೇಷನ್ ನಡುವೆಯೇ ಕುಗ್ಗಿ, ಅದರ ಸುತ್ತಲಿನ ಪರದೆ ಸಡಿಲವಾಗಿ ಅಲುಗಾಡಬಹುದು. 2005ರಲ್ಲೇ ವೈದ್ಯರು ಇದನ್ನು ಗುರುತಿಸಿ ಬರೆದಿದ್ದಾರೆ. ಮೂತ್ರದ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಅಂತ ಸುಮ್ನೆ ಇರಬೇಡಿ. ಫೌಜಿನಲ್ಲಿದ್ದವರು ತಮ್ಮ ಕಷ್ಟ ಹೇಳಿಕೊಳ್ಳುವುದೇ ಕಡಿಮೆ, ಅಲ್ವಾ? ಮಾತ್ರೆ ಬಿಟ್ಟು ಎಷ್ಟೋ ದಿನ ಆಗಿದ್ದರೂ ಹೇಳಿ, ಪರಿಣಾಮ ಉಳಿದಿರಬಹುದು. ಮೊದಲೇ ಗೊತ್ತಾದರೆ ಪಾಪೆ ಹಿಡಿದಿಡುವ ಸಣ್ಣ ಕೊಕ್ಕೆ, ಉಂಗುರ ಸಿದ್ಧ ಇಟ್ಟುಕೊಳ್ಳುತ್ತೇವೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬರುವಾಗ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಜೊತೆ ಎಲ್ಲಾ ಔಷಧಿ ಚೀಟಿಗಳನ್ನೂ ತನ್ನಿ.